ರೇಟು ಕೇಳಿಸಿತು, ಕಾಣಿಸಲಿಲ್ಲ

ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನಮ್ಮ ಚಿಕ್ಕಪ್ಪನದೊಂದು ಟೊಮೆಟೊ ಮಂಡಿ ಇದೆ. 2021ರ ದೀಪಾವಳಿಯ ದಿನ ಊಟಕ್ಕೆ ಕೂತಾಗ ಕೇಳಿದರು. "ಕಂಪ್ಯೂಟರ್ ಕೆಲ್ಸ ಮಾಡ್ತೀಯಲ್ಲಪ್ಪ, ನಮ್ ಮಂಡಿಗೂ ಒಂದು ಲೆಕ್ಕದ ಪ್ರೋಗ್ರಾಂ ಬರ್ಕೊಡು. ಜಾಸ್ತಿ ಏನೂ ಬೇಡ. ಒಂದು ಟೇಬಲ್ ಇದ್ರೆ ಸಾಕು."

ಆ ಒಂದು ಟೇಬಲಿಗೆ ನನಗೆ ಐದು ತಿಂಗಳು ಹಿಡಿಯಿತು.

ನನಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ಲೈಟು ಹಾಕಿದೆಯಾ ಆರಿಸಿದೆಯಾ ಅನ್ನುವುದೂ ಗೊತ್ತಾಗುವುದಿಲ್ಲ. ಹೊಟ್ಟೆಪಾಡಿಗೆ ಪೈಥಾನ್‌ನಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ವಿಂಡೋಸ್ ಲ್ಯಾಪ್‌ಟಾಪು, ಅದರಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಕಂಪ್ಯೂಟರಿನಲ್ಲಿರುವುದನ್ನು ಓದಿ ಹೇಳುವ ಪ್ರೋಗ್ರಾಂ. ಇದು ಪುಕ್ಕಟೆ ಸಿಗುತ್ತದೆ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರ್ರನ್ ಶುರು ಮಾಡಿದರು, ಆಮೇಲೆ ಜೇಮ್ಸ್ ಟೆ ಜೊತೆಯಾದರು. ಇಬ್ಬರಿಗೂ ಕಣ್ಣು ಕಾಣಿಸುವುದಿಲ್ಲ. ನಾನು ಕೀ ಒತ್ತಿದರೆ ಅದು ಓದುತ್ತದೆ, ಅಷ್ಟೇ. ಪೈಥಾನ್‌ನಲ್ಲಿ ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೀವಿ ಅನ್ನುವುದರ ಮೇಲೆ ಅರ್ಥವೇ ಬದಲಾಗುತ್ತದಲ್ಲ, ಅದಕ್ಕೂ ಒಂದು ಉಪಾಯ ಇದೆ. ಜಾಗ ಹೆಚ್ಚಾದ ಹಾಗೆ ಎನ್‌ವಿಡಿಎ ಬೇರೆ ಬೇರೆ ಸ್ವರದಲ್ಲಿ ಕುಯ್ ಅನ್ನುತ್ತದೆ. ಹಾರ್ಮೋನಿಯಂ ಮನೆ ಲೆಕ್ಕ ಹಾಕಿದ ಹಾಗೆ ನಾನು ಕೋಡು ಬರೆಯುತ್ತೇನೆ. ಬರವಣಿಗೆಯಲ್ಲಿ ನನಗೆ ಅಂಥ ತೊಂದರೆ ಇಲ್ಲ. ಬರೆದದ್ದು ಬೇರೆಯವರಿಗೆ ಹೇಗೆ ಕಾಣುತ್ತದೆ ಅನ್ನುವಲ್ಲಿ ಗಾಡಿ ಹೂತುಹೋಗುತ್ತದೆ.

ಟೇಬಲ್ ಅಂದರೇನು ಅಂತ ನನಗೆ ಗೊತ್ತಿರಲಿಲ್ಲ ಅಂತಲ್ಲ. ಸ್ಕೂಲಿನಲ್ಲಿ ಲೆಕ್ಕ ಮಾಡಿದ್ದೇ ಟೇಲರ್ ಫ್ರೇಮಿನಲ್ಲಿ. ಲೋಹದ ಹಲಗೆ, ಅದರ ತುಂಬಾ ಎಂಟು ಮೂಲೆಯ ತೂತುಗಳು, ಸಾಲಾಗಿ. ಸೀಸದ ಸಣ್ಣ ಗೂಟವನ್ನು ಯಾವ ದಿಕ್ಕಿಗೆ ತಿರುಗಿಸಿ ಇಟ್ಟರೆ ಯಾವ ಅಂಕಿ ಅಂತ ಬಾಯಿಪಾಠ. ಎಡಗೈ ಬೆರಳು ಮೇಲಿನ ಸಾಲಿನಲ್ಲಿ, ಬಲಗೈ ಬೆರಳು ಕೆಳಗಿನ ಸಾಲಿನಲ್ಲಿ. ಎರಡು ಸಾಲು ಒಟ್ಟಿಗೇ ಗೊತ್ತಾಗುತ್ತಿತ್ತು. ಕಂಪ್ಯೂಟರಿನಲ್ಲಿ ಆ ಎರಡು ಕೈ ಇಲ್ಲ. ಒಂದೇ ಧ್ವನಿ, ಅದು ಒಂದು ಸಲಕ್ಕೆ ಒಂದೇ ಮಾತು ಹೇಳುತ್ತದೆ. ಏಳು ಕಾಲಮ್ಮಿನ ಸಾಲನ್ನು ಕಣ್ಣಿರುವವರು ಕಣ್ಣು ಮಿಟುಕಿಸುವಷ್ಟರಲ್ಲಿ ನೋಡಿ ಮುಗಿಸುತ್ತಾರೆ. ನನ್ನ ಪಾಲಿಗೆ ಅದು ಏಳು ಬೋಗಿಯ ಗೂಡ್ಸ್ ರೈಲು. ಒಂದೊಂದೇ ಬೋಗಿ ಹೋಗುವವರೆಗೂ ಗೇಟಿನಲ್ಲಿ ನಿಂತಿರಬೇಕು.

ಮಂಡಿಗೆ ಬೇಕಾಗಿದ್ದು ಇಷ್ಟು: ರೈತರ ಹೆಸರು, ಊರು, ಎಷ್ಟು ಬಾಕ್ಸು, ಹರಾಜಿನಲ್ಲಿ ಕೂಗಿದ ರೇಟು, ಮೊತ್ತ, ಹಮಾಲಿ-ಬಾಡಿಗೆ ಖರ್ಚು, ಮೊದಲೇ ತೆಗೆದುಕೊಂಡ ಅಡ್ವಾನ್ಸು, ಕೊನೆಗೆ ಕೈಗೆ ಕೊಡಬೇಕಾದ ದುಡ್ಡು. ಬಾಕ್ಸ್ ಅಂದರೆ ಇಲ್ಲಿ 15 ಕೆಜಿ. ಒಬ್ಬರೇ ರೈತರು ಮೂರು ತರದ ಮಾಲು ತಂದರೆ ಮೂರು ರೇಟು, ಮೂರು ಸಾಲು. ಅಲ್ಲಿನ ರೈಟರ್ ಇದನ್ನೆಲ್ಲ ಮೂವತ್ತು ವರ್ಷದಿಂದ ಪುಸ್ತಕದಲ್ಲಿ ಬರೆದುಕೊಂಡು ಬಂದವರು. ಮಧ್ಯದಲ್ಲಿ ಯಾರೋ ಹುಡುಗ ಎಕ್ಸೆಲ್‌ನಲ್ಲಿ ಹಾಕಿಕೊಟ್ಟಿದ್ದನಂತೆ. ಆ ಫೈಲು ತೆರೆದೆ. ಎನ್‌ವಿಡಿಎ ಯಾವುದೋ ಗ್ರಹದ ಭಾಷೆ ಓದಿತು. ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಕನ್ನಡ ಅದು. ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು, ಫಾಂಟು ಮಾತ್ರ ಅದಕ್ಕೆ ಕನ್ನಡದ ವೇಷ ಹಾಕುತ್ತದೆ. ವೇಷ ಕಾಣಬೇಕಾದರೆ ಕಣ್ಣು ಬೇಕಲ್ಲ. ಒಳಗೂ ಕನ್ನಡ ಅಕ್ಷರವೇ ಇರುವ ಯೂನಿಕೋಡಿಗೆ ತಿರುಗಿಸಿ, ಅರ್ಧಂಬರ್ಧ ತಿರುಗಿದ ಹೆಸರುಗಳನ್ನು ರೈಟರಣ್ಣನ ಹತ್ತಿರ ಫೋನಿನಲ್ಲಿ ಕೇಳಿ ಕೇಳಿ ತಿದ್ದುವುದಕ್ಕೇ ಒಂದು ವಾರ ಹೋಯಿತು.

ಆಮೇಲೆ ಟೇಬಲ್. ಮೊದಲು ಪೈಥಾನ್ ಜೊತೆಗೇ ಬರುವ, ಕಿಟಕಿ-ಬಟನ್ನು ಕಟ್ಟುವ ಸಾಮಾನು ಟಿಕೆ-ಇಂಟರ್‌ನಲ್ಲಿ ಕಟ್ಟಿದೆ. ಅರ್ಧ ಗಂಟೆಯ ಕೆಲಸ. ಓಡಿಸಿದೆ. ಎನ್‌ವಿಡಿಎ ಕಿಟಕಿಯ ಹೆಸರು ಹೇಳಿ ಸುಮ್ಮನಾಯಿತು. ಕೆಳಗಿನ ಬಾಣ ಒತ್ತಿದೆ, ಟ್ಯಾಬ್ ಒತ್ತಿದೆ, ಎಂಟರ್ ಒತ್ತಿದೆ. ಮೌನ. ಅಕ್ಕನ ಮಗಳನ್ನು ಕರೆದೆ. ಆಗ ಒಂಬತ್ತನೇ ಕ್ಲಾಸು. "ಚೆನ್ನಾಗಿದೆ ಮಾವ, ನೀಟಾಗಿ ಕಾಣಿಸ್ತಿದೆ" ಅಂದಳು. ನಾನೇ ಕಟ್ಟಿದ ಮನೆ, ಎಲ್ಲರಿಗೂ ಬಾಗಿಲು ಇದೆ, ನನಗೊಬ್ಬನಿಗೆ ಗೋಡೆ.

ಇಲ್ಲಿ ಒಂದು ವಿಷಯ ಹೇಳಬೇಕು. ಸ್ಕ್ರೀನ್ ರೀಡರ್ ಸ್ಕ್ರೀನನ್ನು ನೋಡಿ ಓದುತ್ತದೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಪ್ರೋಗ್ರಾಮನ್ನು ಕೇಳಿ ತಿಳಿದುಕೊಳ್ಳುತ್ತದೆ. ಈಗ ಫೋಕಸ್, ಅಂದರೆ ಕೀ ಒತ್ತಿದರೆ ತಾಗುವ ಜಾಗ, ಎಲ್ಲಿದೆ? ನಿನ್ನ ಹೆಸರೇನು? ನೀನು ಬಟನ್ನಾ, ಲಿಸ್ಟಾ? ಒಳಗೆ ಏನಿದೆ? ಹೀಗೆ ಕೇಳಿ ಉತ್ತರ ಪಡೆಯುವುದಕ್ಕೆ ವಿಂಡೋಸ್‌ನಲ್ಲಿ ಗೊತ್ತಾದ ದಾರಿಗಳಿವೆ. 1997ರಿಂದ ಇರುವ ಆಕ್ಟಿವ್ ಆಕ್ಸೆಸಿಬಿಲಿಟಿ ಒಂದು, ಆಮೇಲೆ ಬಂದ ಯುಐ ಆಟೋಮೇಶನ್ ಇನ್ನೊಂದು. ವಿಂಡೋಸ್‌ನ ಸ್ವಂತ ಬಟನ್ನು, ಸ್ವಂತ ಲಿಸ್ಟು ಬಳಸಿದರೆ ಉತ್ತರ ಅವೇ ಕೊಡುತ್ತವೆ. ಪ್ರೋಗ್ರಾಂ ತಾನೇ ಗೆರೆ ಎಳೆದು, ತಾನೇ ಅಕ್ಷರ ಬಿಡಿಸಿ ಟೇಬಲ್ ಮಾಡಿದರೆ ಅದು ರಂಗೋಲಿ ಇದ್ದ ಹಾಗೆ. ನೋಡುವವರಿಗೆ ಚುಕ್ಕಿ, ಬಳ್ಳಿ, ಹೂವು ಎಲ್ಲ ಉಂಟು. ಮಾತಾಡಿಸಿದರೆ ಬರೀ ನೆಲ. ಟಿಕೆ-ಇಂಟರ್ ನನಗೆ ಎಳೆದುಕೊಟ್ಟಿದ್ದು ರಂಗೋಲಿ.

ಕ್ಯೂಟಿ ಅನ್ನುವ ಅಂಥದೇ ಇನ್ನೊಂದು ಸಾಮಾನು ನೋಡಿದೆ. ಅದೂ ತಾನೇ ಬಿಡಿಸುತ್ತದೆ, ಆದರೆ ಕೇಳಿದರೆ ಉತ್ತರ ಕೊಡುವಷ್ಟು ಮರ್ಯಾದೆ ಕಲಿತಿದೆ. ಟೇಬಲ್ ಮಾತಾಡಿತು. ಖುಷಿಯಾಗಿ ಟ್ಯಾಬ್ ಒತ್ತಿ ಸೇವ್ ಬಟನ್ನಿಗೆ ಹೊರಟೆ. ಮುಂದಿನ ಸೆಲ್. ಮತ್ತೆ ಟ್ಯಾಬ್. ಅದರ ಮುಂದಿನ ಸೆಲ್. ಅರವತ್ತು ಸಾಲು, ಎಂಟು ಕಾಲಂ. ಬಟನ್ ಸಿಗಲೇ ಇಲ್ಲ. ಕ್ಯೂಟಿಯ ಟೇಬಲಿನಲ್ಲಿ ಟ್ಯಾಬ್ ಕೀ ಒಂದು ಸೆಲ್ಲಿನಿಂದ ಇನ್ನೊಂದು ಸೆಲ್ಲಿಗೆ ಹೋಗುವುದಕ್ಕೆ ಅಂತ ಮೊದಲೇ ಗೊತ್ತು ಮಾಡಿಟ್ಟಿದ್ದಾರೆ. ಮೌಸ್ ಇರುವವರು ಹೊರಗೆ ಕ್ಲಿಕ್ ಮಾಡಿ ಹೋಗುತ್ತಾರೆ, ನಾನು ಒಳಗೇ ಗಾಣದ ಎತ್ತಿನ ಹಾಗೆ ಸುತ್ತಬೇಕು. ಟ್ಯಾಬ್ ಕೀ ನ್ಯಾವಿಗೇಶನ್ ಅನ್ನುವ ಒಂದು ಗುಣವನ್ನು ಫಾಲ್ಸ್ ಮಾಡಿದರೆ, ಅಂದರೆ ಆರಿಸಿದರೆ, ಸರಿಹೋಗುತ್ತದೆ, ಒಂದೇ ಸಾಲಿನ ಕೋಡು. ಆ ಒಂದು ಸಾಲು ಹುಡುಕುವುದಕ್ಕೆ ಒಂದು ಸಂಜೆ. ಆದರೂ ಅದರಲ್ಲಿ ನಿಲ್ಲಲಿಲ್ಲ. ಸೆಲ್ ಸೆಲ್ಲಾಗಿ ಓದುವುದು ನನಗೆ ಬೇಕಿರಲಿಲ್ಲ. ಬಾಣ ಒತ್ತಿದರೆ ಪೂರ್ತಿ ಸಾಲು ಒಂದೇ ಉಸಿರಿಗೆ ಬರಬೇಕಿತ್ತು.

ಮಧ್ಯೆ ಒಬ್ಬ ಗೆಳೆಯ ಸಿ ಶಾರ್ಪ್ ಭಾಷೆಗೆ ಬಾ, ಅಲ್ಲಿ ಕಿಟಕಿ ಕಟ್ಟುವ ಸಾಮಾನು ಡಬ್ಲ್ಯುಪಿಎಫ್‌ನಲ್ಲಿ ಎಲ್ಲ ಸಲೀಸು ಅಂದ. ಹೋದೆ. ಟೇಬಲ್ ತುಂಬಿಸಿ ಬಾಣ ಒತ್ತಿದರೆ "ಮಂಡಿ ಡಾಟ್ ಮಾಡೆಲ್ಸ್ ಡಾಟ್ ರೈತ" ಅಂದಿತು. ಇನ್ನೊಂದು ಸಾಲು. "ಮಂಡಿ ಡಾಟ್ ಮಾಡೆಲ್ಸ್ ಡಾಟ್ ರೈತ." ಅರವತ್ತು ಜನ ರೈತರಿಗೂ ಅದೇ ಹೆಸರು. ಸಾಲಿಗೆ ಹೆಸರು ಕೊಡದಿದ್ದರೆ ಅದು ಕೋಡಿನ ಒಳಗಿನ ಕ್ಲಾಸಿನ, ಅಂದರೆ ಸಾಲುಗಳ ಅಚ್ಚಿನ, ಹೆಸರನ್ನೇ ಹೇಳಿಬಿಡುತ್ತದೆ. ಕಣ್ಣಿರುವವರಿಗೆ ಇದು ಗೊತ್ತೇ ಆಗುವುದಿಲ್ಲ, ಅವರಿಗೆ ಸೆಲ್ಲಿನಲ್ಲಿ ಮುನಿಯಪ್ಪ, ವೆಂಕಟೇಶಪ್ಪ ಎಲ್ಲ ಸರಿಯಾಗಿ ಕಾಣುತ್ತಿರುತ್ತದೆ. ಟು ಸ್ಟ್ರಿಂಗ್ ಅನ್ನುವ ಫಂಕ್ಷನ್ನನ್ನು ನಾವೇ ಬರೆದುಕೊಟ್ಟರೆ ಇದೂ ಸರಿಹೋಗುತ್ತದೆ. ಎಲ್ಲ ಸರಿಹೋಗುತ್ತದೆ, ಒಂದೊಂದಕ್ಕೆ ಒಂದೊಂದು ಸಂಜೆ ಕೊಟ್ಟರೆ. ನನಗೋ ಪೈಥಾನ್ ಬಿಟ್ಟು ಬರುವ ಮನಸ್ಸಿರಲಿಲ್ಲ. ವಾಪಸ್ ಬಂದೆ.

ಆಗ ತಡವಾಗಿ ಬುದ್ಧಿ ಬಂತು. ಎನ್‌ವಿಡಿಎಯ ಬಹುಪಾಲು ಪೈಥಾನ್‌ನಲ್ಲೇ ಬರೆದದ್ದು. ಅದರ ಸೆಟ್ಟಿಂಗ್ಸ್ ಕಿಟಕಿಗಳು ನನ್ನ ಜೊತೆ ದಿನವೂ ಚೆನ್ನಾಗಿ ಮಾತಾಡುತ್ತವೆ. ಅವನ್ನು ಯಾವುದರಲ್ಲಿ ಕಟ್ಟಿದ್ದಾರೆ? ಡಬ್ಲ್ಯುಎಕ್ಸ್ ಪೈಥಾನ್‌ನಲ್ಲಿ. ಅಡುಗೆಯವರು ಯಾವ ಅಂಗಡಿಯಲ್ಲಿ ಬೇಳೆ ತರುತ್ತಾರೆ ಅಂತ ನಾನು ಮೊದಲೇ ವಿಚಾರಿಸಬಾರದಿತ್ತಾ?

ಅದರಲ್ಲೂ ಒಂದು ಗುಂಡಿ ಇತ್ತು, ಬಿದ್ದೆ. ಡಬ್ಲ್ಯುಎಕ್ಸ್‌ನಲ್ಲಿ ಗ್ರಿಡ್ ಅಂತ ಒಂದಿದೆ. ನೋಡೋಕೆ ಎಕ್ಸೆಲ್ ಹಾಗೆ ಇರುತ್ತದಂತೆ, ಸೆಲ್ಲಿನಲ್ಲೇ ಟೈಪ್ ಮಾಡಬಹುದಂತೆ. ಬಟನ್ನು, ಲಿಸ್ಟು ತರದ ಬಹುಪಾಲು ಕಂಟ್ರೋಲುಗಳು ವಿಂಡೋಸ್‌ನವು, ಗ್ರಿಡ್ ಡಬ್ಲ್ಯುಎಕ್ಸ್‌ನ ಸ್ವಂತ ರಂಗೋಲಿ. ಮತ್ತೆ ಮೌನ. ಕೊನೆಗೆ ಹಿಡಿದದ್ದು ಲಿಸ್ಟ್ ಕಂಟ್ರೋಲನ್ನು, ರಿಪೋರ್ಟ್ ಸ್ಟೈಲಿನಲ್ಲಿ. ಹಳೆಯ ವಿಂಡೋಸ್‌ನ ಎಕ್ಸ್‌ಪ್ಲೋರರಿನಲ್ಲಿ ಫೈಲಿನ ಹೆಸರು, ಸೈಜು, ತಾರೀಖು ಅಂತ ಉದ್ದಕ್ಕೆ ಬರುತ್ತಿತ್ತಲ್ಲ, ಅದೇ ತಳಿ. ಮೂರು ಕಾಲಂ ಹಾಕಿ, ಒಂದು ಸಾಲು ಸೇರಿಸಿ, ಬಾಣ ಒತ್ತಿದೆ. ಓದಿತು! ಪೂರ್ತಿ ಸಾಲು, ತಾನಾಗೇ. ಒಳಗೆ ಒಂದೊಂದೇ ಕಾಲಂ ಬೇಕಾದರೆ ಕಂಟ್ರೋಲ್ ಆಲ್ಟ್ ಹಿಡಿದು ಪಕ್ಕದ ಬಾಣ ಒತ್ತಿದರೆ ಎನ್‌ವಿಡಿಎ ಅದನ್ನೂ ಹೇಳುತ್ತದೆ. ನಾನು ಒಂದಕ್ಷರ ಜಾಸ್ತಿ ಬರೆಯಲಿಲ್ಲ.

ಮಾತಾಡುವ ಟೇಬಲ್ ಸಿಕ್ಕಿತು. ಆದರೆ ಅದು ಮಾತಾಡುವ ರೀತಿ ಕೇಳಿ:

"1, ರೈತರ ಹೆಸರು: ಮುನಿಯಪ್ಪ, ಗ್ರಾಮದ ಹೆಸರು: ವೇಮಗಲ್, ಒಟ್ಟು ಬಾಕ್ಸ್‌ಗಳ ಸಂಖ್ಯೆ: 42, ಒಂದು ಬಾಕ್ಸಿನ ದರ: 380, ಒಟ್ಟು ಮೊತ್ತ: 15,960, ಕಳೆಯಬೇಕಾದ ಖರ್ಚು..."

ಹೀಗೆ. ಮೊದಲ ಕಾಲಂ ಬಿಟ್ಟು ಮಿಕ್ಕ ಎಲ್ಲದಕ್ಕೂ ಎನ್‌ವಿಡಿಎ ಹೆಡ್ಡಿಂಗ್ ಸೇರಿಸಿ ಓದುತ್ತದೆ. ಕಣ್ಣಿಗೆ ಹೆಡ್ಡಿಂಗು ಮೇಲೆ ಒಂದು ಸಲ ಇರುತ್ತದೆ. ಕಿವಿಗೆ ಅರವತ್ತು ಸಾಲಿಗೆ ಅರವತ್ತು ಸಲ. "ಒಟ್ಟು ಬಾಕ್ಸ್‌ಗಳ ಸಂಖ್ಯೆ" ಅಂತ ಗೆಜೆಟ್ ಭಾಷೆಯಲ್ಲಿ ಬರೆದವನು ನಾನೇ, ಅನುಭವಿಸಬೇಕಾದವನೂ ನಾನೇ. ಅದು "ಬಾಕ್ಸ್" ಆಯಿತು. "ಒಂದು ಬಾಕ್ಸಿನ ದರ" ಹೋಗಿ "ರೇಟು" ಆಯಿತು. ಕೊನೆಯದಕ್ಕೆ ರೈಟರಣ್ಣ ಪುಸ್ತಕದಲ್ಲಿ ಬರೆಯುತ್ತಿದ್ದ ಪದವನ್ನೇ ಇಟ್ಟೆ: "ಕೈಗೆ".

ಕ್ರಮಸಂಖ್ಯೆಯನ್ನು ಕಿತ್ತುಹಾಕಿದೆ. ಬಾಣ ಒತ್ತುತ್ತಾ ಹೋಗುವಾಗ ಮೊದಲ ಪದ ಕೇಳಿಸಿದ ಕೂಡಲೇ ಮುಂದಿನ ಸಾಲಿಗೆ ಹಾರಬೇಕು. ಆ ಮೊದಲ ಪದ "ಒಂದು, ಎರಡು, ಮೂರು" ಅಂತಿದ್ದರೆ ಏನು ಉಪಯೋಗ? ಹೆಸರು ಮೊದಲು ಬರಲಿ ಅಂದೆ. ಆದರೆ ನಮ್ಮ ಕಡೆ ಮುನಿಯಪ್ಪ ಅಂದರೆ ಯಾವ ಮುನಿಯಪ್ಪ? ಒಂದೇ ದಿನದ ಲೆಕ್ಕದಲ್ಲಿ ನಾಲ್ಕು ಜನ ಇದ್ದರು. ನಾರಾಯಣಸ್ವಾಮಿಗಳು ಐದು. ಮಂಡಿಯಲ್ಲಿ ಜನ ಕರೆಯುವುದು ಹೇಗೆ ಅಂತ ಒಂದು ಬೆಳಿಗ್ಗೆ ಹೋಗಿ ಕೂತು ಕೇಳಿಸಿಕೊಂಡೆ. ಸುತ್ತಲೂ ಹರಾಜಿನ ಕೂಗು, ಬಾಕ್ಸು ಎತ್ತಿ ಹಾಕುವ ಸದ್ದು, ಕಾಲ ಕೆಳಗೆ ಜಜ್ಜಿದ ಹಣ್ಣು. "ವೇಮಗಲ್ ಮುನಿಯಪ್ಪಂದು ಎಷ್ಟಾಯ್ತು?" "ಹೋಳೂರು ನಾರಾಯಣಸ್ವಾಮಿ ಬಂದವ್ರೆ ನೋಡು." ಊರು ಮೊದಲು, ಹೆಸರು ಆಮೇಲೆ. ಮೊದಲ ಕಾಲಮ್ಮಿನಲ್ಲಿ ಎರಡನ್ನೂ ಸೇರಿಸಿದೆ. ಒಂದು ಕಾಲಂ ಕಡಿಮೆಯೂ ಆಯಿತು.

ಅಡ್ವಾನ್ಸ್ ಇಲ್ಲದವರಿಗೆ ಸೊನ್ನೆ ಹಾಕಿದ್ದೆ. "ಅಡ್ವಾನ್ಸ್: 0" ಅಂತ ಸಾಲು ಸಾಲಿಗೂ ಕೇಳುವುದು ಯಾವ ಕರ್ಮ? ಸೆಲ್ ಖಾಲಿ ಬಿಟ್ಟರೆ ಎನ್‌ವಿಡಿಎ ಆ ಕಾಲಮ್ಮನ್ನು ಹೆಡ್ಡಿಂಗ್ ಸಮೇತ ಹಾರಿಸಿಬಿಡುತ್ತದೆ. ಖಾಲಿ ಬಿಟ್ಟೆ. ರೈಟರಣ್ಣನಿಗೂ ಇದು ಹಿಡಿಸಿತು, ಅವರೂ ಪುಸ್ತಕದಲ್ಲಿ ಖಾಲಿಯೇ ಬಿಡುತ್ತಿದ್ದರಂತೆ.

ದೊಡ್ಡ ಮೊತ್ತದ್ದೇ ಒಂದು ಕತೆ. 1,26,500 ಅನ್ನುವುದನ್ನು ನಾನು ಬಳಸುವ ಕನ್ನಡ ಧ್ವನಿ "ಒಂದು, ಇಪ್ಪತ್ತಾರು, ಐನೂರು" ಅಂತ ತುಂಡು ತುಂಡಾಗಿ ಓದುತ್ತಿತ್ತು. ನಮ್ಮ ಲಕ್ಷದ ಕಾಮಾ ಅದಕ್ಕೆ ಅರ್ಥವಾಗುವುದಿಲ್ಲ. ಕಾಮಾ ತೆಗೆದರೆ ನನಗೆ ಸರಿ, ರೈಟರಣ್ಣ ಒಪ್ಪಲಿಲ್ಲ. "ಕಾಮಾ ಇಲ್ದೆ ಸೊನ್ನೆ ಎಣಿಸ್ಕೊಂಡು ಕೂತಿರಕ್ಕಾಗ್ತದೇನಪ್ಪಾ?" ಅವರ ಮಾತೂ ನ್ಯಾಯವೇ. ಕ್ಯೂಟಿಯಲ್ಲಾದರೆ ತೋರಿಸುವ ಅಕ್ಷರ ಒಂದು, ಓದಿಸುವ ಅಕ್ಷರ ಇನ್ನೊಂದು ಅಂತ ಬೇರೆ ಬೇರೆ ಕೊಡಬಹುದು. ವಿಂಡೋಸ್ ಲಿಸ್ಟಿನಲ್ಲಿ ಅಷ್ಟು ಸುಲಭಕ್ಕೆ ಆಗುವುದಿಲ್ಲ, ಅಲ್ಲಿ ಕಂಡದ್ದೇ ಕೇಳುವುದು. ಕೊನೆಗೆ ಪ್ರೋಗ್ರಾಂ ಮುಟ್ಟದೆ ನನ್ನ ಎನ್‌ವಿಡಿಎಯ ಉಚ್ಚಾರಣೆಯ ಡಿಕ್ಷನರಿಯಲ್ಲಿ ಒಂದು ನಿಯಮ ಸೇರಿಸಿದೆ: ಎರಡು ಅಂಕಿಗಳ ನಡುವೆ ಕಾಮಾ ಬಂದರೆ ನುಂಗಿಬಿಡು. ಅವರಿಗೆ ಕಾಮಾ ಕಾಣುತ್ತದೆ, ನನಗೆ ಕೇಳುವುದಿಲ್ಲ. ಸಂಸಾರ ಹೀಗೂ ನಡೆಯುತ್ತದೆ.

ಸೆಲ್ಲಿನಲ್ಲೇ ಟೈಪ್ ಮಾಡುವ ಆಸೆಯನ್ನು ಬಿಡಬೇಕಾಯಿತು. ಸಾಲಿನ ಮೇಲೆ ಎಂಟರ್ ಒತ್ತಿದರೆ ಪುಟ್ಟ ಕಿಟಕಿ ತೆರೆಯುತ್ತದೆ, ಬಾಕ್ಸು, ರೇಟು, ಖರ್ಚು ತುಂಬಿ ಮತ್ತೆ ಎಂಟರ್. ಎಕ್ಸೆಲ್ ಹಾಗೇ ಬೇಕು ಅಂತ ರೈಟರಣ್ಣ ಮೂರು ದಿನ ಮುನಿಸಿಕೊಂಡಿದ್ದರು. ನಾಲ್ಕನೇ ದಿನ ಬಲಗೈ ನಂಬರ್ ಕೀಗಳ ಮೇಲಿಂದ ಎತ್ತದೇ ಹತ್ತು ಎಂಟ್ರಿ ಮಾಡಿ ಮುಗಿಸಿದ ಮೇಲೆ ಆ ಮಾತು ತೆಗೆಯಲಿಲ್ಲ.

ನಾವಿಬ್ಬರೂ ಒಂದೇ ಸಲ ಒಂದೇ ತಕರಾರು ತೆಗೆದದ್ದು ಒಂದೇ ವಿಷಯಕ್ಕೆ. ಪ್ರತಿ ಸಲ ಸೇವ್ ಮಾಡಿದಾಗ ನಾನು ಸೋಮಾರಿತನದಿಂದ ಲಿಸ್ಟನ್ನು ಪೂರ್ತಿ ಅಳಿಸಿ ಮತ್ತೆ ತುಂಬುತ್ತಿದ್ದೆ. ನನಗೆ ನಲವತ್ತನೇ ಸಾಲಿನಲ್ಲಿದ್ದ ಫೋಕಸ್ ಮಾಯವಾಗುತ್ತಿತ್ತು, ಎನ್‌ವಿಡಿಎ ಲಿಸ್ಟ್ ಅಂತ ಹೇಳಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅವರಿಗೆ ಟೇಬಲ್ ಮೇಲಕ್ಕೆ ಹಾರುತ್ತಿತ್ತು. "ಓದ್ತಿದ್ದ ಪುಸ್ತಕಾನ ಯಾರೋ ಕಿತ್ಕೊಂಡು ಮೊದಲ್ನೇ ಹಾಳೆ ತೆಗೆದುಕೊಟ್ಟಂಗೆ" ಅಂದರು. ಬದಲಾದ ಸಾಲನ್ನು ಮಾತ್ರ ತಿದ್ದುವ ಹಾಗೆ ಬರೆದೆ. ಎಲ್ಲವನ್ನೂ ತುಂಬಲೇಬೇಕಾದಾಗ, ಉದಾಹರಣೆಗೆ ವಿಂಗಡಿಸಿದಾಗ, ಯಾವ ಎಂಟ್ರಿ ಮೇಲೆ ಇದ್ದೆವು ಅಂತ ಅದರ ಸಂಖ್ಯೆ ನೆನಪಿಟ್ಟುಕೊಂಡು ಫೋಕಸನ್ನು ಅಲ್ಲಿಗೇ ತಂದು ಕೂರಿಸುತ್ತೇನೆ. ವಿಂಗಡಿಸುವುದಕ್ಕೆ ಅವರು ಹೆಡ್ಡಿಂಗ್ ಮೇಲೆ ಕ್ಲಿಕ್ ಮಾಡುತ್ತಾರೆ. ಕೀಬೋರ್ಡಿನಿಂದ ಆ ಹೆಡ್ಡಿಂಗಿಗೆ ಹೋಗಲು ಆಗದ ಕಾರಣ ನನಗೆ ಆಲ್ಟ್ ಜೊತೆ ಒಂದು, ಎರಡು, ಮೂರು.

ಇನ್ನು ಅಂದ ಚಂದ. ಇದಕ್ಕೆ ಅಕ್ಕನ ಮಗಳೇ ಕಣ್ಣು. ನಾನು ಕೇಳುವ ಪ್ರಶ್ನೆ ಸರಿ ಇರಬೇಕು ಅನ್ನುವುದು ಆಗ ಕಲಿತೆ. "ಹೇಗಿದೆ?" ಅಂತ ಕೇಳಿದರೆ "ಚೆನ್ನಾಗಿದೆ ಮಾವ" ಅಂತಲೇ ಉತ್ತರ. "ಮೂರನೇ ಸಾಲಿನ ಕೊನೆಯ ಅಕ್ಷರ ಓದು" ಅಂದರೆ ನಿಜ ಹೊರಗೆ ಬರುತ್ತದೆ. ಹೀಗೆ ಹೊರಬಿದ್ದ ಮೊದಲ ನಿಜ, ಒತ್ತಕ್ಷರಗಳ ಕಾಲು ಕತ್ತರಿಸಿ ಹೋಗಿತ್ತು. ನಾನು ರೈಟರಣ್ಣನ ಕಣ್ಣಿಗೆ ಅನುಕೂಲ ಆಗಲಿ ಅಂತ ಫಾಂಟು ದೊಡ್ಡದು ಮಾಡಿದ್ದೆ, ಸಾಲಿನ ಎತ್ತರ ಕನ್ನಡಕ್ಕೆ ಸಾಲದಾಗಿತ್ತು. "ಮುನಿಯಪ್ಪ" ಅನ್ನುವುದು "ಮುನಿಯಪ" ಆಗಿ ಕಾಣುತ್ತಿತ್ತಂತೆ. ಲಿಸ್ಟ್ ಕಂಟ್ರೋಲಿನಲ್ಲಿ ಎತ್ತರ ಇಷ್ಟಿರಲಿ ಅಂತ ನೇರವಾಗಿ ಹೇಳುವ ದಾರಿ ಇಲ್ಲ. ಒಂದು ಕಳ್ಳದಾರಿ ಇದೆ. ಒಂದು ಪಿಕ್ಸೆಲ್ ಅಗಲ, ಬೇಕಾದಷ್ಟು ಎತ್ತರದ ಖಾಲಿ ಚಿತ್ರವನ್ನು ಐಕಾನ್ ಅಂತ ಕೊಟ್ಟರೆ, ಅದಕ್ಕೆ ಜಾಗ ಬೇಕಲ್ಲ ಅಂತ ಎಲ್ಲ ಸಾಲೂ ಎತ್ತರವಾಗುತ್ತದೆ. ಯಾರಿಗೂ ಕಾಣದ ಚಿತ್ರವನ್ನು ನಾನು ಹಾಕಿದೆ.

ದುಡ್ಡಿನ ಕಾಲಮ್ಮುಗಳು ಬಲಕ್ಕೆ ಒತ್ತಿ ನಿಲ್ಲಬೇಕು, ಬಿಡಿ ಕೆಳಗೆ ಬಿಡಿ, ಹತ್ತರ ಕೆಳಗೆ ಹತ್ತು. ಇದು ನನಗೆ ಯಾರೂ ಹೇಳಬೇಕಿರಲಿಲ್ಲ, ಟೇಲರ್ ಫ್ರೇಮಿನ ಬುದ್ಧಿ. ವಿಂಡೋಸ್ ಲಿಸ್ಟಿನಲ್ಲಿ ಮೊದಲ ಕಾಲಂ ಮಾತ್ರ ಏನು ಮಾಡಿದರೂ ಎಡಕ್ಕೇ ಇರುತ್ತದೆ. ನನ್ನ ಮೊದಲ ಕಾಲಂ ಹೆಸರಾದ್ದರಿಂದ ಬಚಾವಾದೆ. ದುಡ್ಡು ಕೊಡುವುದು ಬಾಕಿ ಇರುವ ಸಾಲು ಕೆಂಪಾಗಿರಲಿ ಅಂದರು ಚಿಕ್ಕಪ್ಪ. ಬಣ್ಣ ನನಗೆ ಕೇಳುವುದಿಲ್ಲ. ಕೆಂಪೂ ಮಾಡಿದೆ, ಕೊನೆಗೆ "ಬಾಕಿ" ಅನ್ನುವ ಪದ ಬರುವ ಪುಟ್ಟ ಕಾಲಮ್ಮೂ ಹಾಕಿದೆ.

2022ರ ಏಪ್ರಿಲ್‌ನಿಂದ ಮಂಡಿಯಲ್ಲಿ ಅದೇ ಪ್ರೋಗ್ರಾಂ. ಒಂದು ವರ್ಷಕ್ಕೂ ಜಾಸ್ತಿ ಯಾರೂ ಫೋನ್ ಮಾಡಲಿಲ್ಲ. ಸಾಫ್ಟ್‌ವೇರ್ ಬರೆಯುವವರಿಗೆ ಇದಕ್ಕಿಂತ ಹಬ್ಬ ಬೇರೆ ಇಲ್ಲ.

2023ರ ಬೇಸಿಗೆ ಮುಗಿದು ಟೊಮೆಟೊ ರೇಟು ಹುಚ್ಚು ಹಿಡಿದ ಹಾಗೆ ಏರಿದ್ದು ನಿಮಗೂ ನೆನಪಿರಬಹುದು. ಜುಲೈನಲ್ಲಿ ಕೋಲಾರದಲ್ಲಿ 15 ಕೆಜಿ ಬಾಕ್ಸು 2000 ರೂಪಾಯಿ ದಾಟಿತು. ತೋಟಕ್ಕೆ ರಾತ್ರಿ ಕಾವಲು ಹಾಕಿದ ಕಾಲ ಅದು. ಏರಿಕೆ ಶುರುವಾಗಿದ್ದ ದಿನಗಳಲ್ಲೇ ಒಂದು ಬೆಳಿಗ್ಗೆ ರೈಟರಣ್ಣನ ಫೋನು.

"ಏನಪ್ಪಾ, ರೇಟು ಕಾಣಿಸ್ತಾ ಇಲ್ಲ."

"ಯಾವ ಸಾಲಣ್ಣ?"

"ಎಲ್ಲಾದ್ರಲ್ಲೂ. ಹನ್ನೊಂದು ಅಂತೈತೆ, ಪಕ್ಕದಲ್ಲಿ ಚುಕ್ಕಿ ಚುಕ್ಕಿ."

ಡೇಟಾಬೇಸೇ ಕೆಟ್ಟಿತು ಅಂತ ನನ್ನ ಎದೆ ಧಸಕ್ ಅಂದಿತು. ಫೈಲನ್ನು ಕಳಿಸಿಕೊಂಡು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಬಾಣ ಒತ್ತಿದೆ. "ವೇಮಗಲ್ ಮುನಿಯಪ್ಪ, ಬಾಕ್ಸ್: 42, ರೇಟು: 1150, ಮೊತ್ತ: 48,300." ಎಲ್ಲ ಸರಿಯಾಗಿದೆ. "ಸಾವಿರದ ನೂರ ಐವತ್ತು ಇದೆಯಲ್ಲಣ್ಣ" ಅಂದೆ. "ಇಲ್ಲಪ್ಪಾ, ಹನ್ನೊಂದು ಚುಕ್ಕಿ ಚುಕ್ಕಿ" ಅಂದರು. ಇಬ್ಬರೂ ಸ್ವಲ್ಪ ಜೋರಾಗಿ ಅದನ್ನೇ ಮತ್ತೆ ಹೇಳಿದೆವು. ಅವರ ಹಿಂದೆ ಯಾರೋ ರೈತರು ನಗುತ್ತಿದ್ದರು. "ಹನ್ನೊಂದು ರೂಪಾಯಿಗೆ ಬಾಕ್ಸ್ ಕೊಟ್ಟು ಹೋಗ್ಲಾ ನಾನು?"

ಸ್ವಲ್ಪ ಹೊತ್ತಿಗೆ ಹೊಳೆಯಿತು. ಪ್ರೋಗ್ರಾಂ ಬರೆಯುವಾಗ ರೇಟು ಅಂದರೆ ಮೂರು ಅಂಕಿ ಅಂದುಕೊಂಡಿದ್ದೆ. ಟೊಮೆಟೊ ಬಾಕ್ಸಿಗೆ ನಾಲ್ಕು ಅಂಕಿ ಬರಬಹುದು ಅಂತ ನಾನು ಯೋಚಿಸಿಯೇ ಇರಲಿಲ್ಲ. ಕಾಲಮ್ಮಿನ ಅಗಲವನ್ನು ಮೂರು ಅಂಕಿಗೆ ಲೆಕ್ಕ ಹಾಕಿ ಇಟ್ಟಿದ್ದೆ. ಜಾಗ ಸಾಲದಿದ್ದರೆ ವಿಂಡೋಸ್ ಹಿಡಿದಷ್ಟು ತೋರಿಸಿ ಮುಂದೆ ಮೂರು ಚುಕ್ಕಿ ಇಡುತ್ತದೆ. ಒಳಗೆ ಪೂರ್ತಿ ಅಂಕಿ ಇದ್ದೇ ಇರುತ್ತದೆ. ಎನ್‌ವಿಡಿಎ ಒಳಗಿನದನ್ನು ಕೇಳಿ ಓದುತ್ತದೆ, ಅದಕ್ಕೆ ಚುಕ್ಕಿ ಗೊತ್ತೇ ಇಲ್ಲ. ಅಲ್ಲಿಯವರೆಗೂ ನಾನು ಅಂದುಕೊಂಡಿದ್ದು, ಅವರಿಗೆ ಕಾಣುವುದರಲ್ಲಿ ಸ್ವಲ್ಪ ನನಗೆ ಕೇಳುವುದಿಲ್ಲ ಅಂತ. ನನಗೆ ಕೇಳುವುದು ಅವರಿಗೆ ಕಾಣದೇ ಹೋಗಬಹುದು ಅನ್ನುವುದು ತಲೆಗೇ ಬಂದಿರಲಿಲ್ಲ. ಎರಡು ವರ್ಷ ಅದೇ ಕೆಲಸ ಮಾಡಿಕೊಂಡಿದ್ದವನಿಗೆ!

ಕಾಲಮ್ಮಿನ ಗೆರೆಯನ್ನು ಮೌಸಿನಲ್ಲಿ ಹಿಡಿದು ಬಲಕ್ಕೆ ಎಳೆಯಿರಿ ಅಂತ ಹೇಳಿ ಅವತ್ತಿನ ಮಟ್ಟಿಗೆ ಪಾರು ಮಾಡಿದೆ. ರಾತ್ರಿ ಕೂತು ತಿದ್ದಿದೆ. ಅಗಲ ತಾನಾಗೇ ಹೊಂದಿಕೊಳ್ಳಲಿ ಅಂತ ಒಂದು ಆಯ್ಕೆ ಇದೆ, ಅದನ್ನೇ ಹಾಕಿದೆ. ಅಕ್ಕನ ಮಗಳು ನೋಡಿ, "ಮಾವ, ಕೈಗೆ ಅನ್ನೋ ಕಾಲಂ ಎಲ್ಲಿ?" ಅಂದಳು. ಎಲ್ಲ ಕಾಲಮ್ಮೂ ದಪ್ಪಗಾಗಿ ಕೊನೆಯವು ಕಿಟಕಿಯ ಬಲಗಡೆ ಆಚೆಗೆ ಹೋಗಿದ್ದವು. ನನಗೆ ಅವೂ ಸ್ಪಷ್ಟವಾಗಿ ಕೇಳುತ್ತಿದ್ದವು.

ಹಾಗಾದರೆ ಅಳತೆ ನಾನೇ ಮಾಡಬೇಕು. ಡಬ್ಲ್ಯುಎಕ್ಸ್‌ನಲ್ಲಿ ಗೆಟ್ ಟೆಕ್ಸ್ಟ್ ಎಕ್ಸ್‌ಟೆಂಟ್ ಅಂತ ಒಂದು ಫಂಕ್ಷನ್ ಇದೆ. ಒಂದು ಪದ ಕೊಟ್ಟು, ಈ ಫಾಂಟಿನಲ್ಲಿ ಇದು ಎಷ್ಟು ಪಿಕ್ಸೆಲ್ ಅಗಲ ಅಂತ ಕೇಳಿದರೆ ಹೇಳುತ್ತದೆ. ಟೈಲರ್ ಟೇಪ್ ಹಿಡಿದ ಹಾಗೆ ಪ್ರತಿ ಸೆಲ್ಲನ್ನೂ ಅಳೆದೆ, ಕಾಲಮ್ಮಿನ ಅಗಲದ ಜೊತೆ ಹೋಲಿಸಿದೆ. ಅಕ್ಷರದ ಎರಡು ಕಡೆ ವಿಂಡೋಸ್ ಸ್ವಲ್ಪ ಜಾಗ ಬಿಡುತ್ತದೆ, ಅದನ್ನೂ ಸೇರಿಸಿದೆ. ಎಲ್ಲ ಕಾಲಮ್ಮುಗಳ ಮೊತ್ತ ಕಿಟಕಿಗಿಂತ ಜಾಸ್ತಿಯಾದರೆ ಹೆಸರಿನ ಕಾಲಂ ಮಾತ್ರ ಕುಗ್ಗಬೇಕು, ದುಡ್ಡಿನವು ಕುಗ್ಗಬಾರದು. ಹೆಸರಿನಲ್ಲಿ ಎರಡಕ್ಷರ ಕಾಣದಿದ್ದರೆ ಮುನಿಯಪ್ಪ ಯಾರು ಅಂತ ರೈಟರಣ್ಣನಿಗೆ ಗೊತ್ತು. ಅಂಕಿಯಲ್ಲಿ ಒಂದು ಹೋದರೂ ಜಗಳ. ಇಷ್ಟರ ಮೇಲೂ ಯಾವುದಾದರೂ ಸೆಲ್ ಹಿಡಿಯದಿದ್ದರೆ, ಆ ಸಾಲಿಗೆ ನಾನು ಬಂದಾಗ ಸಣ್ಣಗೆ ಕುಯ್ ಅನ್ನುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಮಾತ್ರ.

ಮೊನ್ನೆ ಚಿಕ್ಕಪ್ಪ ಹೊಸ ಬೇಡಿಕೆ ತಂದರು. ಮಾಲಿನ ಗ್ರೇಡು ಯಾವುದು ಅಂತ ತೋರಿಸುವುದಕ್ಕೆ ಇನ್ನೊಂದೇ ಒಂದು ಕಾಲಂ ಬೇಕಂತೆ. ಮಂಡಿಯ ಲ್ಯಾಪ್‌ಟಾಪಿನ ಪರದೆ 1366 ಪಿಕ್ಸೆಲ್ ಅಗಲ. ಎಲ್ಲ ಕಾಲಮ್ಮುಗಳನ್ನೂ ಅಳೆಸಿ ಕೂಡಿಸಿದೆ. ಉಳಿದಿರುವುದು 38. "ಗ್ರೇಡ್" ಅನ್ನುವ ಹೆಡ್ಡಿಂಗಿಗೇ 51 ಬೇಕು. ಅದಕ್ಕೆ ಮಂಡಿಯಲ್ಲಿ ಇನ್ನೂ ಗಿಡ್ಡನೆಯ ಪದ ಏನಾದರೂ ಇದೆಯಾ ಅಂತ ಬೆಳಿಗ್ಗೆ ರೈಟರಣ್ಣನಿಗೆ ಫೋನ್ ಮಾಡಬೇಕು.